ಹಗೇವಿನಿಂದ ತಿಂಗಳ ಚೀಟಿಗೆ: ಕರ್ನಾಟಕದ ಕುಟುಂಬಗಳ ದಿನಸಿ ಸಂಗ್ರಹದ ಚರಿತ್ರೆ

ಕನ್ನಡದಲ್ಲಿ ಅಡುಗೆಗೆ ಗ್ರಂಥಗಳಿವೆ. ಕ್ರಿ.ಶ. 1025ರಲ್ಲಿ ರಚಿತವಾದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕಶಾಸ್ತ್ರಕ್ಕೆಂದೇ ಒಂದು ಭಾಗ ಮೀಸಲಾಗಿದೆ. ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪ್ರತ್ಯೇಕ ಕೃತಿಯನ್ನೇ ರಚಿಸಿದನು. ಆದರೆ ಅಡುಗೆಗೆ ಬೇಕಾದ ಪದಾರ್ಥವನ್ನು ಕುಟುಂಬವೊಂದು ಎಲ್ಲಿಂದ, ಎಷ್ಟು, ಯಾವಾಗ, ಯಾವ ಹಣದಿಂದ ತಂದಿತು ಎಂಬುದಕ್ಕೆ ಗ್ರಂಥವಿಲ್ಲ. ಅದಕ್ಕಿದ್ದ ದಾಖಲೆಯೆಂದರೆ ಸಾಮಾನಿನ ಚೀಟಿ. ಅಂಗಡಿಯಿಂದ ಸಾಮಾನು ಮನೆಗೆ ಬಂದು ತಾಳೆಯಾದ ಕೂಡಲೇ ಅದು ಒಲೆಗೋ ಕಸಕ್ಕೋ ಸೇರುತ್ತಿತ್ತು. ಅರಮನೆಯ ಉಗ್ರಾಣದ ಲೆಕ್ಕ, ಮಠ–ದೇವಾಲಯಗಳ ಕಡತ, ವರ್ತಕರ ಖಾತೆಗಳು ಅಷ್ಟಿಷ್ಟು ಉಳಿದಿವೆ. ಸಾಮಾನ್ಯ ಗೃಹಿಣಿಯ ಲೆಕ್ಕ ಉಳಿದಿಲ್ಲ. ಆದ್ದರಿಂದ ಈ ಚರಿತ್ರೆಯನ್ನು ಅಳತೆಯ ಮಾನಗಳು, ನಾಣ್ಯಗಳು, ಕಾಯಿದೆಗಳು, ಸರ್ಕಾರಿ ಸಮೀಕ್ಷೆಗಳು ಹಾಗೂ ಮನೆಯ ಕಟ್ಟಡದ ರಚನೆಯಂತಹ ಪರೋಕ್ಷ ಆಧಾರಗಳಿಂದಲೇ ಕಟ್ಟಿಕೊಳ್ಳಬೇಕಾಗುತ್ತದೆ.

ಕಾಳುಕಡಿಯನ್ನು ಸುಗ್ಗಿಯಲ್ಲಿ ಅಗ್ಗದ ಧಾರಣೆಗೆ ಒಟ್ಟಾಗಿ ಕೊಂಡು ಕೂಡಿಡುವುದು ಜಾಣ ಸಂಸಾರದ ಲಕ್ಷಣವೆಂದು ನಮ್ಮ ಸಮಾಜ ಬಹುಕಾಲದಿಂದ ನಂಬಿಕೊಂಡು ಬಂದಿದೆ. ಇಪ್ಪತ್ತನೆಯ ಶತಮಾನದ ಗೃಹವಿಜ್ಞಾನದ ಪಾಠಗಳೂ ಅದನ್ನೇ ಬೋಧಿಸಿದವು. ಅದರ ಮರುಬದಿಯಾಗಿ, ಪಾವು ಪಾವಾಗಿ ಕೊಳ್ಳುವವರು ದೂರದೃಷ್ಟಿಯಿಲ್ಲದವರು ಎಂಬ ಅಭಿಪ್ರಾಯವೂ ಬೇರೂರಿತು. ಚಾರಿತ್ರಿಕ ಆಧಾರಗಳು ಈ ಎಣಿಕೆಯನ್ನು ಪುಷ್ಟೀಕರಿಸುವುದಿಲ್ಲ. ಕುಟುಂಬವೊಂದು ಎಷ್ಟು ಕಾಲಕ್ಕೆ ಸಾಕಾಗುವಷ್ಟು ದಿನಸಿಯನ್ನು ಒಮ್ಮೆಗೆ ಕೊಳ್ಳುತ್ತದೆ ಎಂಬುದನ್ನು ನಿರ್ಧರಿಸಿದ್ದು ಆ ಕುಟುಂಬದ ಕೈಗೆ ಕಾಳು ಅಥವಾ ಕಾಸು ಬರುತ್ತಿದ್ದ ಕಾಲಾವಧಿಯೇ ಹೊರತು ಅದರ ಗುಣಾವಗುಣಗಳಲ್ಲ. ವರ್ಷಕ್ಕೊಮ್ಮೆ ಕಣದಿಂದ ಕಾಳು ಬಂದವರು ವರ್ಷಕ್ಕೆ ಕೂಡಿಟ್ಟರು. ತಿಂಗಳಿಗೊಮ್ಮೆ ಸಂಬಳ ಬಂದವರು ತಿಂಗಳಿಗೆ ಕೊಂಡರು. ಸಂಜೆಗೆ ಕೂಲಿ ಬಂದವರು ರಾತ್ರಿಯ ಊಟಕ್ಕೆ ಕೊಂಡರು.

ವರ್ಷದ ಕಾಳು

ಬಯಲುಸೀಮೆಯಲ್ಲಿ ವರ್ಷದ ಕಾಳಿನ ನೆಲೆ ಹಗೇವು. ಗಟ್ಟಿ ನೆಲವನ್ನು ಅಗೆದು, ಬಾಯಿ ಕಿರಿದಾಗಿ ಒಡಲು ವಿಶಾಲವಾಗಿರುವಂತೆ ಗುಂಡಿ ತೋಡಿ, ಒಳಗೋಡೆಗೆ ಹುಲ್ಲು ಹೊದಿಸಿ, ಜೋಳವನ್ನೋ ರಾಗಿಯನ್ನೋ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಒಡಲಿನಲ್ಲಿ ಹುಳುವಿಗೆ ಉಸಿರಿಲ್ಲ. ರಾಗಿಯಂತೂ ಹೀಗೆ ಹಲವು ವರ್ಷ ಕೆಡದೆ ಉಳಿಯುತ್ತಿತ್ತು. ಹಗೇವನ್ನು ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಕೆಲಹೊತ್ತು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯುವುದು ವಾಡಿಕೆ. ಒಳಗೆ ಕೂಡಿದ ಕೆಟ್ಟ ಗಾಳಿಗೆ ಸಿಕ್ಕಿ ಜೀವ ಕಳೆದುಕೊಂಡವರ ನೆನಪು ಅನೇಕ ಊರುಗಳಲ್ಲಿದೆ. ಹಗೇವಿನ ಕಾಳು ಉಣ್ಣಲು ಯೋಗ್ಯವಾದರೂ ಬಿತ್ತನೆಗೆ ಬರುತ್ತಿರಲಿಲ್ಲ. ಅದರ ಮೊಳಕೆಯ ಶಕ್ತಿ ಕುಂದುತ್ತಿತ್ತು. ಆದ್ದರಿಂದ ಬೀಜದ ಕಾಳು ಬೂದಿ ಬೆರೆತು ಮಡಕೆ, ಗುಡಾಣಗಳಲ್ಲಿ ಪ್ರತ್ಯೇಕವಾಗಿ ಉಳಿಯುತ್ತಿತ್ತು. ಉಣ್ಣುವ ಕಾಳು ಮತ್ತು ಬಿತ್ತುವ ಕಾಳಿನ ಈ ವಿಂಗಡಣೆಯೇ ಗ್ರಾಮೀಣ ಕುಟುಂಬದ ಆಯವ್ಯಯದ ಮೊದಲ ರೇಖೆ ಎನ್ನಬಹುದು.

ಮಲೆನಾಡು ಮತ್ತು ಕರಾವಳಿಯಲ್ಲಿ ನೆಲ ತೇವವಾದ್ದರಿಂದ ಹಗೇವಿಗೆ ಅವಕಾಶವಿಲ್ಲ. ಅಲ್ಲಿ ಕಣಜ, ಪತ್ತಾಯಗಳು ಬಂದವು. ದಕ್ಷಿಣ ಕನ್ನಡದಲ್ಲಿ ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿ ಏಕಕಾಲದಲ್ಲಿ ಸಂಗ್ರಹದ ಪಾತ್ರೆಯೂ ವ್ಯಾಪಾರದ ಅಳತೆಯೂ ಗೇಣಿಯ ಮಾನವೂ ಆಗಿತ್ತು. ಸಾಮಾನ್ಯವಾಗಿ 42 ಸೇರಿಗೆ ಒಂದು ಮುಡಿಯೆಂದು ಎಣಿಕೆ. ಇಲ್ಲಿನ ಸಂಗ್ರಹದ ಕಾಲವನ್ನು ನಿರ್ಣಯಿಸಿದ್ದು ಸುಗ್ಗಿ ಒಂದೇ ಅಲ್ಲ, ಮಳೆಗಾಲವೂ ಹೌದು. ಆಷಾಢ–ಶ್ರಾವಣಗಳಲ್ಲಿ ಹೊಳೆ ತುಂಬಿ, ಘಟ್ಟದ ದಾರಿ ಕೆಟ್ಟು, ಸಂತೆ ನಿಲ್ಲುತ್ತಿತ್ತು. ಆದ್ದರಿಂದ ಮೇ ತಿಂಗಳ ಕೊನೆಯೊಳಗೆ ಉಪ್ಪು, ಮೆಣಸಿನಕಾಯಿ, ಬೆಲ್ಲ, ಹುಣಸೆ, ಈರುಳ್ಳಿ, ಹಪ್ಪಳ, ಒಣಮೀನು, ಸೌದೆ ಎಲ್ಲವೂ ಮನೆಯೊಳಗೆ ಸೇರಿರಬೇಕಿತ್ತು. ಈ ದಾಸ್ತಾನು ಉಳಿತಾಯಕ್ಕಾಗಿ ಮಾಡಿದ್ದಲ್ಲ. ಮಾಡದಿದ್ದರೆ ಉಪವಾಸವೇ ಗತಿಯಾಗಿತ್ತು.

ಕೂಡಿಟ್ಟ ಕಾಳು ತಾನಾಗಿ ಉಳಿಯುವುದಿಲ್ಲ. ಬಿಸಿಲಿಗೆ ಹಾಕುವುದು, ಕೇರಿ ಹಸನುಮಾಡುವುದು, ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿ ಬೀಸುಕಲ್ಲಿನಲ್ಲಿ ಒಡೆಯುವುದು, ಬೇಳೆಗೆ ಹರಳೆಣ್ಣೆ ಸವರುವುದು, ಕಾಳಿನ ನಡುವೆ ಬೇವಿನ ಸೊಪ್ಪು ಹರಡುವುದು, ಹುಣಸೆಯ ಬೀಜ–ನಾರು ತೆಗೆದು ಉಪ್ಪು ಸೇರಿಸಿ ಭರಣಿಗೆ ಒತ್ತುವುದು, ಇವೆಲ್ಲ ಹೆಂಗಸರ ಕೆಲಸಗಳು. ಮಾಘದಿಂದ ವೈಶಾಖದವರೆಗೆ ನಡೆಯುತ್ತಿದ್ದ ಈ ದುಡಿಮೆ ಯಾವ ಲೆಕ್ಕದಲ್ಲಿಯೂ ಖರ್ಚೆಂದು ಬರೆದದ್ದಿಲ್ಲ. ಸುಗ್ಗಿಯ ಧಾರಣೆಗೂ ಆಷಾಢದ ಧಾರಣೆಗೂ ಇರುವ ಅಂತರವನ್ನೆಲ್ಲ ಕುಟುಂಬದ ‘ಉಳಿತಾಯ’ವೆಂದು ಎಣಿಸುವವರು, ಆ ಅಂತರದ ದೊಡ್ಡ ಪಾಲು ವಾಸ್ತವವಾಗಿ ಹೆಂಗಸರ ಕೂಲಿಯಿಲ್ಲದ ಕೆಲಸದ ಬೆಲೆ ಎಂಬುದನ್ನು ಮರೆಯುತ್ತಾರೆ.

ವರ್ಷದ ಕಾಳಿನ ವ್ಯವಸ್ಥೆ ಎಲ್ಲರದಾಗಿತ್ತೆಂದು ಭಾವಿಸಬಾರದು. ಭೂಮಿಯಿದ್ದವರಿಗೆ ಅದು ಸ್ವಂತ ಬೆಳೆಯಿಂದ ಬಂತು. ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕರೇ ಮೊದಲಾದ ಆಯಗಾರರಿಗೆ ಕಣದಲ್ಲಿ ‘ಆಯ’ದ ರೂಪದಲ್ಲಿ ಬಂತು, ಇದೂ ಒಂದು ಬಗೆಯ ವಾರ್ಷಿಕ ಸಂಬಳವೇ. ಆದರೆ ಕೃಷಿ ಕೂಲಿಗಾರರಿಗೆ ದಿನದ ಕೂಲಿ ದಿನವೇ, ಬಹುಮಟ್ಟಿಗೆ ಕಾಳಿನಲ್ಲಿಯೇ, ಸಲ್ಲುತ್ತಿತ್ತು. ಅವರ ಮನೆಯಲ್ಲಿ ಹಗೇವಿರಲಿಲ್ಲ, ಗುಡಾಣವಿತ್ತು. ಅದೂ ಸುಗ್ಗಿ ಮುಗಿದ ಕೆಲವೇ ವಾರಗಳಲ್ಲಿ ಬರಿದಾಗುತ್ತಿತ್ತು. ಆಷಾಢದಲ್ಲಿ ಅವರು ಅದೇ ಊರಿನ ಹಗೇವಿನಿಂದ ಕಾಳನ್ನು ಕಡ ತಂದು ಮುಂದಿನ ಸುಗ್ಗಿಯಲ್ಲಿ ಹೆಚ್ಚುವರಿ ಸೇರಿಸಿ ಅಳೆದುಕೊಡಬೇಕಾಗಿತ್ತು. ಒಂದು ಮನೆಯ ಸಂಗ್ರಹವು ಇನ್ನೊಂದು ಮನೆಯ ಸಾಲವಾಗಿದ್ದುದನ್ನು ಗಮನಿಸದೆ ಹಗೇವನ್ನು ಕೇವಲ ಪೂರ್ವಿಕರ ಜಾಣ್ಮೆಯೆಂದು ಹೊಗಳುವುದು ಅರ್ಧ ಚರಿತ್ರೆಯಾದೀತು.

1876–78ರ ಮಹಾಕ್ಷಾಮದಲ್ಲಿ ಈ ಅಂತರ ಕಣ್ಣಿಗೆ ಕಟ್ಟುವಂತೆ ತೋರಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಗೇವಿನಲ್ಲಿ ಕಾಳಿದ್ದವರು ಮೊದಲ ವರ್ಷವನ್ನು ದಾಟಿದರು. ದಿನದ ಕೂಲಿಯನ್ನೇ ನಂಬಿದವರಿಗೆ ಕೂಲಿ ನಿಂತ ದಿನವೇ ಊಟವೂ ನಿಂತಿತು.

ಅಳತೆ, ನಾಣ್ಯ ಮತ್ತು ಚಿಲ್ಲರೆ

ಶಾಸನಗಳಲ್ಲಿ ಸೊಲಗೆ, ಮಾನ, ಬಳ್ಳ, ಕೊಳಗ, ಖಂಡುಗ ಮೊದಲಾದ ಮಾನಗಳು ಪದೇ ಪದೇ ಬರುತ್ತವೆ. 20 ಕೊಳಗಕ್ಕೆ ಒಂದು ಖಂಡುಗ ಎಂಬುದು ವ್ಯಾಪಕವಾಗಿ ರೂಢಿಯಲ್ಲಿದ್ದ ಲೆಕ್ಕ. ಆದರೆ ಕೊಳಗ ಎಲ್ಲೆಡೆ ಒಂದೇ ಗಾತ್ರದ್ದಲ್ಲ. 1800–01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಊರಿಂದೂರಿಗೆ ಬದಲಾಗುತ್ತಿದ್ದ ಸೇರು, ಕೊಳಗಗಳನ್ನು ತನ್ನ ಪ್ರವಾಸ ಗ್ರಂಥದಲ್ಲಿ ಉದ್ದಕ್ಕೂ ಗುರುತಿಸುತ್ತ ಹೋಗಿದ್ದಾನೆ. ತೂಕದ ಮಣದ ವಿಷಯವೂ ಹೀಗೆಯೇ. ಮದರಾಸಿನ ಮಣ 25 ಪೌಂಡು. ರೈಲ್ವೆಯಲ್ಲಿ ನಡೆಯುತ್ತಿದ್ದ 40 ಸೇರಿನ ಮಣ 82 ಪೌಂಡಿಗೂ ಮಿಗಿಲು. ಮಣವೆಂಬ ಒಂದೇ ಹೆಸರಿನಲ್ಲಿ ಮೂರು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ!

ಕಾಳನ್ನು ತೂಗದೆ ಅಳೆಯುತ್ತಿದ್ದ ಕಾಲದಲ್ಲಿ ಕೈಚಳಕಕ್ಕೆ ಅವಕಾಶ ಹೆಚ್ಚು. ಸೇರಿನ ಮೇಲೆ ಗೋಪುರದಂತೆ ರಾಶಿ ನಿಲ್ಲಿಸಿ ಅಳೆಯುವುದುಂಟು. ಕೋಲಿನಿಂದ ಸವರಿ ಬಾಯಿಮಟ್ಟಕ್ಕೆ ಅಳೆಯುವುದುಂಟು. ಕೊಳ್ಳುವಾಗ ಮೊದಲನೆಯದು, ಮಾರುವಾಗ ಎರಡನೆಯದು ಎಂಬ ದೂರು ಸಂತೆಗಳಷ್ಟೇ ಹಳೆಯದು. ಕಣದಲ್ಲಿ ಅಳೆಯುವಾಗ ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ಪದ್ಧತಿ ಇಂದಿಗೂ ಅಲ್ಲಲ್ಲಿ ಇದೆ. ಅಳತೆ ಮುಗಿದ ಮೇಲೆ ಕೊಂಡವನಿಗೆ ಮೇಲೊಂದು ಹಿಡಿ ‘ಕೊಸರು’ ಬೀಳುತ್ತಿತ್ತು. ಕೊಸರು ದೊಡ್ಡ ವ್ಯಾಪಾರದ ಮರ್ಯಾದೆ. ಖಂಡುಗ ಕೊಂಡವನಿಗೆ ಕೊಸರು ಕೇಳದೆಯೇ ಸಿಗುತ್ತಿತ್ತು. ಪಾವು ಕೊಂಡವಳು ಕೇಳಿ ಪಡೆಯಬೇಕಾಗಿತ್ತು.

ಸಣ್ಣ ಖರೀದಿಯ ನಷ್ಟಕ್ಕೆ ನಾಣ್ಯವೂ ಒಂದು ಕಾರಣ. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಕಾಸು ಇದ್ದ ಕಾಲದ ಲೆಕ್ಕವನ್ನು ಉದಾಹರಣೆಗಾಗಿ ಪರಿಶೀಲಿಸಬಹುದು. ಕಾಳಿನ ಧಾರಣೆ ಸೇರಿಗೆ ಎರಡೂವರೆ ಆಣೆ, ಅಂದರೆ 30 ಕಾಸು, ಇದೆಯೆಂದು ಭಾವಿಸೋಣ. ನಾಲ್ಕು ಪಾವಿಗೆ ಒಂದು ಸೇರಾದ್ದರಿಂದ ಪಾವಿಗೆ ಏಳೂವರೆ ಕಾಸು ಆಗಬೇಕು. ಕೈಯಲ್ಲಿ ಓಡಾಡುತ್ತಿದ್ದ ಸಣ್ಣ ನಾಣ್ಯ ಕಾಲಾಣೆ, ಎಂದರೆ ಮೂರು ಕಾಸಿನದಾಗಿದ್ದರೆ ಕೊಡಬೇಕಾಗುವುದು ಒಂಬತ್ತು ಕಾಸು. ಹೀಗೆ ನಾಲ್ಕು ಬಾರಿ ಪಾವು ಕೊಂಡವರು ಒಂದು ಸೇರಿಗೆ 36 ಕಾಸು ತೆತ್ತಂತಾಯಿತು. ವರ್ತಕನು ಎಷ್ಟೇ ಪ್ರಾಮಾಣಿಕನಾಗಿದ್ದರೂ ಶೇ. 20ರಷ್ಟು ಹೆಚ್ಚುವರಿ ತಾನಾಗಿಯೇ ಸೇರಿತು. ‘ಚಿಲ್ಲರೆ’ ಎಂಬ ಕನ್ನಡ ಪದಕ್ಕೆ ಬಿಡಿ ನಾಣ್ಯ, ಬಿಡಿ ವ್ಯಾಪಾರ, ಅಲ್ಪವಾದದ್ದು ಎಂಬ ಮೂರೂ ಅರ್ಥಗಳಿರುವುದು ಇಲ್ಲಿ ಅರ್ಥಪೂರ್ಣವಾಗಿ ತೋರುತ್ತದೆ. ಪ್ರಾಸಂಗಿಕವಾಗಿ ಇನ್ನೊಂದು ಮಾತು: ‘ದಿನಸಿ’ ಎಂಬುದು ದಿನದಿನವೂ ಕೊಳ್ಳುವುದರಿಂದ ಬಂದ ಹೆಸರೆಂದು ಕೆಲವರು ಊಹಿಸುತ್ತಾರೆ. ಅದು ಅರಬ್ಬಿ ಮೂಲದ ‘ಜಿನ್ಸ್’ ಎಂಬುದರಿಂದ ‘ಜಿನಸಿ’ಯಾಗಿ ಬಂದ ರೂಪ, ಬಗೆ, ಪದಾರ್ಥ ಎಂದು ಅದರ ಅರ್ಥ.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದಿತು. 1956ರ ತೂಕ ಮತ್ತು ಅಳತೆಗಳ ಮಾನಕ ಕಾಯಿದೆಯಂತೆ 1958ರ ಅಕ್ಟೋಬರ್‌ನಿಂದ ಕಿಲೋಗ್ರಾಂ ಹಂತಹಂತವಾಗಿ ಬಳಕೆಗೆ ಬಂದಿತು. 80 ತೊಲದ ಸೇರು 933 ಗ್ರಾಂ; ಹೊಸ ಕಿಲೋ ಅದಕ್ಕಿಂತ ಸ್ವಲ್ಪ ದೊಡ್ಡದು. ಒಂದು ಆಣೆಗೆ ಆರೂಕಾಲು ಹೊಸ ಪೈಸೆಯಾಗಬೇಕಾದ ಕಡೆ ಆರು ಪೈಸೆಯೆಂದು ಲೆಕ್ಕವಾಯಿತು. ಆಣೆಯ ಲೆಕ್ಕದಲ್ಲಿ ಸೇರು ಕೊಂಡು ರೂಢಿಯಾಗಿದ್ದ ಗೃಹಿಣಿಗೆ ಈ ಎರಡೂ ಬದಲಾವಣೆಗಳು ಒಂದರ ಹಿಂದೆ ಒಂದು ಬಂದು, ಧಾರಣೆ ಏರಿತೋ ಅಳತೆ ಬದಲಾಯಿತೋ ತಿಳಿಯುವುದೇ ಕೆಲಕಾಲ ಕಷ್ಟವಾಯಿತು. ಆದರೂ ಒಟ್ಟಿನಲ್ಲಿ ಇದು ಕೊಳ್ಳುವವರ ಪರವಾದ ಸುಧಾರಣೆ. ಊರೂರಿಗೊಂದು ಕೊಳಗವಿದ್ದಾಗ ಧಾರಣೆಗಳನ್ನು ಹೋಲಿಸಿ ನೋಡಲು ಸಾಧ್ಯವೇ ಇರಲಿಲ್ಲ.

ತಿಂಗಳೆಂಬ ಹೊಸ ಕಾಲಮಾನ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಕರ್ನಾಟಕದಲ್ಲಿ ಒಂದು ಹೊಸ ವರ್ಗ ಬೆಳೆಯಿತು. ಸರ್ಕಾರಿ ಗುಮಾಸ್ತರು, ಶಾಲಾ ಉಪಾಧ್ಯಾಯರು, ರೈಲ್ವೆ ನೌಕರರು, ಕೋಲಾರದ ಚಿನ್ನದ ಗಣಿಯ ಕಾರ್ಮಿಕರು, ಬೆಂಗಳೂರು–ಹುಬ್ಬಳ್ಳಿಗಳ ಗಿರಣಿ ಕೆಲಸಗಾರರು ಈ ವರ್ಗದವರು. ಇವರ ಕೈಗೆ ಕಾಳು ಬರುವುದಿಲ್ಲ, ನಗದು ಬರುತ್ತದೆ. ಇವರಲ್ಲಿ ಅನೇಕರಿಗೆ ಊರಿನಲ್ಲಿ ತುಂಡುಭೂಮಿ ಇದ್ದು, ವರ್ಷಕ್ಕೊಮ್ಮೆ ಅಕ್ಕಿಯೋ ರಾಗಿಯೋ ಬಂದಿಯಲ್ಲಿ, ಆಮೇಲೆ ಬಸ್ಸಿನ ಮೇಲೆ ಮೂಟೆಯಾಗಿ ಬರುತ್ತಿತ್ತು. ಆ ಸಂಬಂಧ ಕ್ಷೀಣಿಸಿದಂತೆ ಇಡೀ ಸಂಸಾರ ಸಂಬಳವನ್ನೇ ಆಶ್ರಯಿಸಿತು.

ಈ ಕಾಲಮಾನಕ್ಕೆ ಕಾನೂನಿನ ಮುದ್ರೆ ಬಿದ್ದುದು 1936ರ ವೇತನ ಪಾವತಿ ಕಾಯಿದೆಯಿಂದ. ವೇತನದ ಅವಧಿ ಒಂದು ತಿಂಗಳನ್ನು ಮೀರಬಾರದು. ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ ಅವಧಿ ಮುಗಿದ ಏಳನೆಯ ದಿನದೊಳಗೆ, ಉಳಿದ ಕಡೆ ಹತ್ತನೆಯ ದಿನದೊಳಗೆ ಸಂಬಳ ಸಲ್ಲಬೇಕು. ಅದೂ ಚಲಾವಣೆಯ ಹಣದಲ್ಲಿ ಸಲ್ಲಬೇಕು ಎಂದು ಅದು ವಿಧಿಸಿತು. ಬ್ರಿಟಿಷ್ ಭಾರತಕ್ಕಾಗಿ ರೂಪುಗೊಂಡ ಈ ಕಾಯಿದೆ ಸ್ವಾತಂತ್ರ್ಯಾನಂತರ ಹಳೆಯ ಮೈಸೂರು ಸೀಮೆಗೂ ಅನ್ವಯವಾಯಿತು. ಕಾರ್ಖಾನೆಗಳಿದ್ದ ಪಟ್ಟಣಗಳ ದಿನಸಿ ಅಂಗಡಿಗಳ ಗಿರಾಕಿ, ಗಲಾಟೆ, ಸಾಲ ವಸೂಲಿ ಎಲ್ಲವೂ ಈ ಏಳು ಮತ್ತು ಹತ್ತನೆಯ ತಾರೀಖುಗಳ ಸುತ್ತ ಸುತ್ತತೊಡಗಿದವು. ಹಗೇವಿನ ಬಾಯನ್ನು ತೆರೆಯುವ ದಿನವನ್ನು ಸುಗ್ಗಿ ನಿಶ್ಚಯಿಸಿದಂತೆ, ‘ತಿಂಗಳ ಸಾಮಾನು’ ತರುವ ದಿನವನ್ನು ಕಾಯಿದೆಯ ಒಂದು ಕಲಮು ನಿಶ್ಚಯಿಸಿತು.

ತಿಂಗಳ ಸಾಮಾನು ಕೊಳ್ಳುವವರಲ್ಲಿಯೂ ಎರಡು ತೆರನಿದ್ದರು. ಸಂಬಳ ಸಾಕಾಗುವವರು ನಗದು ಕೊಟ್ಟು ಬೆಂಗಳೂರಿನ ತರಗುಪೇಟೆಯಂತಹ ಸಗಟು ಪೇಟೆಗೆ ಹೋಗಿ ಅಕ್ಕಿಯನ್ನು ಮೂಟೆಯಾಗಿ, ಬೇಳೆಯನ್ನು ಐದಾರು ಸೇರಾಗಿ ತರುತ್ತಿದ್ದರು. ಎರಡು ಮೂರು ಮನೆಯವರು ಸೇರಿ ಒಂದು ಮೂಟೆ ತಂದು ಹಂಚಿಕೊಳ್ಳುವುದೂ ಇತ್ತು. ಸಾಲದವರು ಮನೆಯ ಹತ್ತಿರದ ಅಂಗಡಿಯಲ್ಲಿ ಉದ್ರಿ ಬರೆಸುತ್ತಿದ್ದರು. ತಿಂಗಳುದ್ದಕ್ಕೂ ಚಿಕ್ಕ ಪುಸ್ತಕದಲ್ಲಿ ಬರೆದು, ಸಂಬಳದ ದಿನ ತೀರಿಸಿ, ಮರುದಿನದಿಂದಲೇ ಪುನಃ ಬರೆಸುವುದು ಈ ಪದ್ಧತಿ. ಉದ್ರಿಯ ಗಿರಾಕಿ ಧಾರಣೆಯನ್ನು ಚೌಕಾಸಿ ಮಾಡುವಂತಿಲ್ಲ, ಹುಳುಬಿದ್ದ ಬೇಳೆಯನ್ನು ಹಿಂದಿರುಗಿಸುವಂತಿಲ್ಲ, ಬೇರೆ ಅಂಗಡಿಗೆ ಹೋಗುವಂತಿಲ್ಲ. ಹಾಗೆಂದು ಕಿರಾಣಿ ಅಂಗಡಿಯವನನ್ನು ಶೋಷಕನೆಂದಷ್ಟೇ ಚಿತ್ರಿಸುವುದೂ ಸರಿಯಲ್ಲ. ಮುಷ್ಕರ, ಕಾಯಿಲೆ, ಹೆರಿಗೆಗಳ ತಿಂಗಳಲ್ಲಿ ಯಾವ ಬ್ಯಾಂಕೂ ನೀಡದ ಸಾಲವನ್ನು ಅಡವಿಲ್ಲದೆ ನೀಡಿದವನು ಅವನೇ.

ಅಂಕಿಅಂಶದ ಸಂಸ್ಥೆಗಳೂ ತಿಂಗಳನ್ನೇ ಒಪ್ಪಿಕೊಂಡವು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಕುಟುಂಬದ ಆಹಾರ ವೆಚ್ಚವನ್ನು ಕಳೆದ ವಾರದ ಲೆಕ್ಕದಲ್ಲಿ ಕೇಳಬೇಕೇ, ತಿಂಗಳ ಲೆಕ್ಕದಲ್ಲಿಯೇ ಎಂಬುದನ್ನು ಪಿ.ಸಿ. ಮಹಲನೋಬಿಸ್ ಮತ್ತು ಸಂಗಡಿಗರು ಪ್ರಯೋಗ ಮಾಡಿ ನೋಡಿದರು. ಕೊನೆಗೆ 30 ದಿನಗಳ ಅವಧಿ ನೆಲೆನಿಂತಿತು. 1958–59ರಲ್ಲಿ ದೇಶದ 50 ಕೈಗಾರಿಕಾ ಕೇಂದ್ರಗಳಲ್ಲಿ ನಡೆದ ಕಾರ್ಮಿಕ ಕುಟುಂಬಗಳ ಜೀವನ ಸಮೀಕ್ಷೆಯಲ್ಲಿ ಬೆಂಗಳೂರು, ಕೋಲಾರ ಚಿನ್ನದ ಗಣಿ ಪ್ರದೇಶಗಳು ಸೇರಿದ್ದವು. 1960ನ್ನು ಆಧಾರ ವರ್ಷವಾಗಿಟ್ಟುಕೊಂಡ ಬೆಲೆ ಸೂಚ್ಯಂಕ ಇದರಿಂದಲೇ ಹುಟ್ಟಿತು. ತುಟ್ಟಿಭತ್ಯೆಗೆ ಈ ಸೂಚ್ಯಂಕವೇ ಆಧಾರವಾದ್ದರಿಂದ, ಸಾವಿರಾರು ಮನೆಗಳ ಬೇಳೆ, ಎಣ್ಣೆ, ಮೆಣಸಿನಕಾಯಿಯ ಲೆಕ್ಕ ಸರ್ಕಾರಿ ದಾಖಲೆಗೆ ಸೇರಿತು. ಆದರೆ ಸೂಚ್ಯಂಕ ಒಂದು ವಸ್ತುವಿಗೆ ಒಂದು ಬೆಲೆ ಹಿಡಿಯುತ್ತದೆ. ಮೂಟೆ ಕೊಂಡವನ ಬೆಲೆ, ಪೊಟ್ಟಣ ಕೊಂಡವಳ ಬೆಲೆ ಬೇರೆಬೇರೆ ಎಂಬುದಕ್ಕೆ ಅದರಲ್ಲಿ ಸ್ಥಾನವಿರಲಿಲ್ಲ.

ಒಟ್ಟುಗೂಡಿ ಕೊಳ್ಳುವ ಯತ್ನಗಳು

ಒಬ್ಬೊಬ್ಬರಿಗೆ ಸಗಟಾಗಿ ಕೊಳ್ಳುವ ಶಕ್ತಿಯಿಲ್ಲದಿದ್ದರೆ ಹತ್ತು ಜನ ಸೇರಿ ಕೊಳ್ಳಬಹುದಲ್ಲವೇ? 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್ ಪಟ್ಟಣದ ನೇಕಾರರು ಮೊದಲಾದ 28 ಜನ ಕೆಲಸಗಾರರು ಸ್ವಲ್ಪ ಸ್ವಲ್ಪ ಹಣ ಕೂಡಿಸಿ ತೆರೆದ ಅಂಗಡಿಗೆ ಮೂಲವಾದುದು ಈ ಸರಳ ಪ್ರಶ್ನೆಯೇ. ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು, ಮೇಣದ ಬತ್ತಿ, ಇಷ್ಟೇ ಅಲ್ಲಿನ ಮೊದಲ ಸರಕು. ಪೇಟೆಯ ಧಾರಣೆಗೇ ನಗದಾಗಿ ಮಾರುವುದು, ಉಳಿದ ಲಾಭವನ್ನು ಖರೀದಿಯ ಪ್ರಮಾಣಕ್ಕೆ ತಕ್ಕಂತೆ ಸದಸ್ಯರಿಗೆ ಹಂಚುವುದು ಅವರ ನಿಯಮ. ಭಾರತದಲ್ಲಿ 1904ರಲ್ಲಿ ಮದರಾಸಿನ ಟ್ರಿಪ್ಲಿಕೇನ್‌ನಲ್ಲಿ ಸ್ಥಾಪಿತವಾದ ನಗರ ಸಹಕಾರ ಸಂಘವು ಈ ಮಾದರಿಯ ಆರಂಭದ ಯತ್ನಗಳಲ್ಲಿ ಪ್ರಮುಖವಾದುದು.

ಕರ್ನಾಟಕದ ಸಹಕಾರ ಚಳವಳಿ 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಆರಂಭವಾಯಿತು. ಆದರೆ ಅದು ಕೃಷಿ ಪತ್ತಿನ ಸಂಘ. 1904ರ ಕಾಯಿದೆ ಪತ್ತಿನ ಸಂಘಗಳಿಗಷ್ಟೇ ಅವಕಾಶ ಕೊಟ್ಟಿತ್ತು. 1912ರ ಕಾಯಿದೆಯ ಅನಂತರವೇ ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಬಳಕೆದಾರರ ಸಂಘಗಳಿಗೆ ದಾರಿ ತೆರೆಯಿತು. ನಮ್ಮಲ್ಲಿ ಪತ್ತಿನ ಸಹಕಾರ ಬೇರುಬಿಟ್ಟಷ್ಟು ಬಳಕೆದಾರರ ಸಹಕಾರ ಬೇರುಬಿಡಲಿಲ್ಲ. ಅದಕ್ಕೆ ಕಾರಣ ನಗದಿನ ನಿಯಮದಲ್ಲಿಯೇ ಇದೆ. ಸಂಘದ ಅಂಗಡಿ ಉದ್ರಿ ಕೊಡುವಂತಿರಲಿಲ್ಲ. ತಿಂಗಳ ಕೊನೆಯ ವಾರದಲ್ಲಿ ನಗದಿಲ್ಲದ ಸದಸ್ಯನು ತನ್ನದೇ ಅಂಗಡಿಯನ್ನು ದಾಟಿ ಉದ್ರಿಯಂಗಡಿಗೆ ಹೋಗುತ್ತಿದ್ದನು. ಸಂಘದ ಲಾಭ ದೊರೆತದ್ದು ಬಹುಮಟ್ಟಿಗೆ ಖಾಯಂ ಸಂಬಳದ ನೌಕರರಿಗೆ. ಯಾರಿಗಾಗಿ ಆ ತತ್ತ್ವ ಹುಟ್ಟಿತೋ ಅವರಿಗಲ್ಲ.

ಬಳಕೆದಾರರ ಸಂಘಗಳು ಹುಲುಸಾಗಿ ಬೆಳೆದದ್ದು ಎರಡನೆಯ ಮಹಾಯುದ್ಧದ ಅಭಾವದಲ್ಲಿ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅದೇ ವರ್ಷ ಆಹಾರಧಾನ್ಯ ನಿಯಂತ್ರಣದ ಆದೇಶ ಹೊರಟಿತು. 1943ರಲ್ಲಿ ಗ್ರೆಗರಿ ಅಧ್ಯಕ್ಷತೆಯ ಆಹಾರಧಾನ್ಯ ನೀತಿ ಸಮಿತಿ ಒಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಪಡಿತರವನ್ನು ಶಿಫಾರಸು ಮಾಡಿತು. ಮೈಸೂರು ಸಂಸ್ಥಾನದ ನಗರಗಳೂ ಪಡಿತರದ ಚೀಟಿಯನ್ನು ಕಂಡವು. ಹಳ್ಳಿಗಳು ಲೆವಿಯನ್ನು ಕಂಡವು. ಇಲ್ಲೊಂದು ಗಮನಾರ್ಹವಾದ ಪಲ್ಲಟ ನಡೆಯಿತು. ಅದುವರೆಗೆ ವರ್ಷದ ಕಾಳು ಕೂಡಿಡುವುದು ವಿವೇಕವೆನಿಸಿತ್ತು. ಈಗ ಮನೆಯ ಅಗತ್ಯಕ್ಕೂ ಬೀಜಕ್ಕೂ ಎಷ್ಟೆಂದು ಅಧಿಕಾರಿ ಲೆಕ್ಕಹಾಕಿ, ಮಿಕ್ಕದ್ದನ್ನು ಅಳೆದುಕೊಡಬೇಕೆಂದಾಗ, ಅದೇ ಹಗೇವು ‘ಅಕ್ರಮ ದಾಸ್ತಾನಿ’ನ ಶಂಕೆಗೆ ಗುರಿಯಾಯಿತು. ಬಾಯಿ ಮುಚ್ಚಿ ಮಣ್ಣು ಮೆತ್ತುವ ಅದರ ರಚನೆಯೇ ಅದರ ಮೇಲಿನ ಅನುಮಾನಕ್ಕೆ ಕಾರಣವಾದದ್ದು ವಿಪರ್ಯಾಸ.

1947ರ ಡಿಸೆಂಬರ್‌ನಲ್ಲಿ ನಿಯಂತ್ರಣ ಸಡಿಲಿ, 1948ರಲ್ಲಿ ಮರಳಿ ಬಿಗಿಯಾಗಿ, 1954ರಲ್ಲಿ ರಫಿ ಅಹಮದ್ ಕಿದ್ವಾಯಿ ಆಹಾರ ಸಚಿವರಾಗಿದ್ದಾಗ ತೆಗೆದುಹಾಕಲ್ಪಟ್ಟಿತು. ಪಡಿತರವನ್ನೇ ಆಶ್ರಯಿಸಿ ಬೆಳೆದಿದ್ದ ಸಂಘಗಳು ನಿಯಂತ್ರಣ ಹೋದೊಡನೆ ಸೊರಗಿದವು. 1962ರ ಚೀನಾ ಯುದ್ಧದ ಅನಂತರ ಕೇಂದ್ರ ಸರ್ಕಾರ ಅವಕ್ಕೆ ಪುನಶ್ಚೇತನ ನೀಡಿತು. 1966ರ ರೂಪಾಯಿ ಅಪಮೌಲ್ಯದ ತರುವಾಯ ದೊಡ್ಡ ಸಹಕಾರಿ ಭಂಡಾರಗಳು ತೆರೆದವು. ಕರ್ನಾಟಕದ ಪಟ್ಟಣಗಳ ಜನರಿಗೆ ಇವು ‘ಜನತಾ ಬಜಾರ್’ ಎಂಬ ಹೆಸರಿನಿಂದ ಪರಿಚಿತವಾದವು. ಗೊತ್ತಾದ ಧಾರಣೆ, ಸರಿಯಾದ ತೂಕ, ಮುದ್ರಿತ ರಸೀತಿ, ಈ ಮೂರನ್ನೂ ಮಧ್ಯಮವರ್ಗದ ಅನೇಕ ಗೃಹಿಣಿಯರು ಮೊದಲು ಕಂಡದ್ದು ಇಲ್ಲಿಯೇ. ಇಲ್ಲಿಯೂ ನಿಯಮ ನಗದೇ.

ಮೂವತ್ತು ಕಿಲೋ, ಒಂದು ಪಾವು

1965ರಲ್ಲಿ ಭಾರತ ಆಹಾರ ನಿಗಮ, 1973ರಲ್ಲಿ ಕರ್ನಾಟಕ ಆಹಾರ ಮತ್ತು ನಾಗರಿಕ ಸರಬರಾಜು ನಿಗಮ ಸ್ಥಾಪನೆಯಾದವು. ಹಗೇವಿನ ಕೆಲಸ ಸರ್ಕಾರದ ಗೋದಾಮಿಗೆ ವರ್ಗವಾಯಿತೆಂದು ಇದನ್ನು ವರ್ಣಿಸಬಹುದು. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯ ಅನಂತರ ಸಗಟು ವ್ಯಾಪಾರ ನಿಯಂತ್ರಿತ ಪ್ರಾಂಗಣಗಳತ್ತ ಸರಿಯಿತು. ತರಗುಪೇಟೆಯ ವಹಿವಾಟಿನ ದೊಡ್ಡ ಪಾಲು ಕಾಲಕ್ರಮದಲ್ಲಿ ಯಶವಂತಪುರಕ್ಕೆ ಹೋಯಿತು. ಮನೆಗಳೂ ಬದಲಾದವು. ಬಾಡಿಗೆಯ ವಠಾರದಲ್ಲಿ, ಆಮೇಲೆ ಬಹುಮಹಡಿ ವಸತಿಗಳಲ್ಲಿ, ಉಗ್ರಾಣವೆಂಬ ಕೋಣೆಯೇ ಇಲ್ಲವಾಯಿತು. ಕಾಳು ಒಣಗಿಸಲು ಅಂಗಳವಿಲ್ಲದ ಕಡೆ ವರ್ಷದ ಬೇಳೆ ಕೊಳ್ಳುವುದು ಹಣವಿದ್ದರೂ ಅಸಾಧ್ಯ.

ಪಡಿತರವು ತಿಂಗಳ ಸಂಬಳದವನ ಮಾದರಿಯಲ್ಲಿ ರಚಿತವಾದ ವ್ಯವಸ್ಥೆ ಎಂಬುದು ತಡವಾಗಿ ಅರಿವಿಗೆ ಬಂದ ಸಂಗತಿ. ತಿಂಗಳ ಪಾಲನ್ನು ಒಮ್ಮೆಗೆ ಒಯ್ಯಬೇಕಾದರೆ ಅಷ್ಟೂ ಹಣ ಒಂದೇ ದಿನ ಕೈಯಲ್ಲಿರಬೇಕು. ದಿನಗೂಲಿಯ ಮನೆಯಲ್ಲಿ ಅದು ಇರುವುದಿಲ್ಲ. ಅವಧಿ ಮುಗಿದರೆ ಆ ತಿಂಗಳ ಪಾಲು ಹೋಯಿತು. ಹೀಗೆ ಸಹಾಯಧನದ ಅಕ್ಕಿ ಅಂಗಡಿಯಲ್ಲಿಯೇ ಉಳಿದು, ಆ ಮನೆಯವರು ಪಕ್ಕದ ಕಿರಾಣಿಯಲ್ಲಿ ಹೆಚ್ಚು ಬೆಲೆಗೆ ಅರ್ಧ ಕಿಲೋ ಕೊಳ್ಳುವುದು ಸಾಮಾನ್ಯವಾಗಿತ್ತು. ಅರ್ಥಶಾಸ್ತ್ರಜ್ಞ ವಿಜಯೇಂದ್ರ ರಾವ್ ಅವರು ಗ್ರಾಮೀಣ ಕರ್ನಾಟಕದ ಕುಂಬಾರ ಕುಟುಂಬಗಳನ್ನು ಕುರಿತು ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಅಂಕಿಯ ಆಧಾರ ಒದಗಿಸಿತು. ಒಂದೇ ಊರಿನಲ್ಲಿ ಒಂದೇ ಪದಾರ್ಥಕ್ಕೆ ಬಡ ಕುಟುಂಬಗಳು ಹೆಚ್ಚಿನ ಬೆಲೆ ತೆರುತ್ತಿದ್ದವು. ಕೈಯಲ್ಲಿ ಹಣವಿಲ್ಲದೆ ಸಣ್ಣ ಪ್ರಮಾಣದಲ್ಲಿ ಕೊಳ್ಳುವುದೇ ಅದಕ್ಕೆ ಕಾರಣ. ಮನೆಮನೆಯ ಬೆಲೆಯ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದರೆ ನಿಜವಾದ ಅಸಮಾನತೆ ಮಾಮೂಲಿ ಲೆಕ್ಕಕ್ಕಿಂತ ಶೇ. 12ರಿಂದ 23ರಷ್ಟು ಹೆಚ್ಚಾಗುತ್ತದೆಂದು ಆ ಅಧ್ಯಯನ ತೋರಿಸಿತು. ಅದೇ ಪಾವು–ಸೇರಿನ ಲೆಕ್ಕ. ಆದರೆ ಆ ಹೊತ್ತಿಗೆ ಆಣೆ ಕಾಸು ಹೋಗಿ ನಾಲ್ಕು ದಶಕಗಳಾಗಿದ್ದವು.

2003ರಲ್ಲಿ ಎರಡು ಘಟನೆಗಳು ನಡೆದವು. ಆಹಾರದ ಹಕ್ಕಿನ ಬಗ್ಗೆ 2001ರಲ್ಲಿ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆ ಹೂಡಿದ್ದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮೇ 2ರಂದು ನೀಡಿದ ಆದೇಶದಲ್ಲಿ, ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಪಡಿತರವನ್ನು ಕಂತುಗಳಲ್ಲಿ ಕೊಳ್ಳಲು ಅವಕಾಶವಿರಬೇಕೆಂದು ಹೇಳಿತು. ಅದೇ ವರ್ಷ ಯಶವಂತಪುರದಲ್ಲಿ ಜರ್ಮನಿಯ ಮೆಟ್ರೊ ಕಂಪನಿಯ ಸಗಟು ಮಳಿಗೆ ತೆರೆಯಿತು. ವ್ಯಾಪಾರಿಗಳಿಗೆ, ಸಂಸ್ಥೆಗಳಿಗೆ ಮಾತ್ರ ಆಗ ಅಲ್ಲಿ ಪ್ರವೇಶದ ಚೀಟಿ ಸಿಗುತ್ತಿತ್ತು. ಒಂದೆಡೆ ಮೂಟೆಗಟ್ಟಲೆ ಕೊಳ್ಳುವವರಿಗೆ ವಿಶಾಲವಾದ ಮಾಳಿಗೆ, ಇನ್ನೊಂದೆಡೆ ಸ್ವಲ್ಪಸ್ವಲ್ಪವಾಗಿ ಕೊಳ್ಳುವ ಹಕ್ಕಿಗಾಗಿ ನ್ಯಾಯಾಲಯದ ಆದೇಶ.

2013ರ ಜುಲೈನಲ್ಲಿ ಅನ್ನಭಾಗ್ಯ ಯೋಜನೆಯಡಿ ಮೂವರು ಅಥವಾ ಹೆಚ್ಚು ಸದಸ್ಯರ ಬಡ ಕುಟುಂಬಕ್ಕೆ ತಿಂಗಳಿಗೆ 30 ಕಿಲೋ ಅಕ್ಕಿ ಕಿಲೋಗೆ ಒಂದು ರೂಪಾಯಿಯಂತೆ ದೊರೆಯತೊಡಗಿದಾಗ, ತಿಂಗಳ ಪಾಲು ಬಿಡಿಸಿಕೊಳ್ಳಲು ಬೇಕಾದದ್ದು ಒಟ್ಟು 30 ರೂಪಾಯಿ. ಅದು ದಿನಗೂಲಿಯವರ ಕೈಗೂ ಎಟಕುವ ಮೊತ್ತವಾದ್ದರಿಂದ ಕಂತಿನ ಪ್ರಶ್ನೆ ಅಕ್ಕಿಯ ಮಟ್ಟಿಗೆ ಉಳಿಯಲಿಲ್ಲ. ಬೇಳೆ, ಎಣ್ಣೆ, ಹುಣಸೆ, ಮೆಣಸಿನಕಾಯಿಗಳ ಮಟ್ಟಿಗೆ ಉಳಿದಿದೆ. ಪುಷ್ಯ–ಮಾಘಗಳಲ್ಲಿ ಕಲಬುರಗಿಯ ಹೊಸ ತೊಗರಿ ಮಾರುಕಟ್ಟೆಗೆ ಬಂದಾಗ, ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ರಾಶಿ ಬಿದ್ದಾಗ, ವರ್ಷಕ್ಕಾಗುವಷ್ಟು ತಂದು ಬಿಸಿಲು ತೋರಿಸಿ ಡಬ್ಬಿ ತುಂಬುವ ಮನೆಗಳು ಉತ್ತರ ಕರ್ನಾಟಕದಲ್ಲಿ ಇನ್ನೂ ಇವೆ. ಅದೇ ಓಣಿಯ ಇನ್ನೊಂದು ಮನೆಯವರು ಅದೇ ತೊಗರಿಯ ಬೇಳೆಯನ್ನು ಆಷಾಢದಲ್ಲಿ ಕಾಲು ಕಿಲೋದ ಪೊಟ್ಟಣದಲ್ಲಿ ಕೊಳ್ಳುತ್ತಾರೆ.